ಕಾಟರ್ ಪಿನ್ನಿಗೆ ಒಂದೇ ಏಟು

ಹಳೆಯ ಸೈಕಲ್ಲಿನಲ್ಲಿ ತುಕ್ಕು ಹಿಡಿಯದ ಜಾಗವೇ ಇರುವುದಿಲ್ಲ. ಆದರೆ ನಿಜವಾಗಿ ತಲೆನೋವು ತರುವ ಜಾಗಗಳು ನಾಲ್ಕೈದೇ: ಸೀಟಿನ ಕೆಳಗಿನ ಪಿಲ್ಲರ್, ಹ್ಯಾಂಡಲ್ಲಿನ ಪೈಪು, ಪೆಡಲ್ಲುಗಳು, ಪೆಡಲ್ಲನ್ನು ಹಿಡಿದಿರುವ ತೋಳಿನ, ಎಂದರೆ ಕ್ರ್ಯಾಂಕಿನ ಕಾಟರ್ ಪಿನ್ನು, ಎರಡು ಕ್ರ್ಯಾಂಕುಗಳ ನಡುವಿನ ಆಕ್ಸಲ್ಲನ್ನು ಹಿಡಿದಿರುವ ಬಿ.ಬಿ. (ಬಾಟಮ್ ಬ್ರ್ಯಾಕೆಟ್) ಕಪ್ಪು. ಮಡ್‌ಗಾರ್ಡಿನ ಬೋಲ್ಟು ಬಿಡದಿದ್ದರೆ ಕತ್ತರಿಸಿ ಎಸೆದು ಹೊಸದು ಹಾಕಿದರಾಯಿತು, ಯಾರಿಗೂ ನಷ್ಟವಿಲ್ಲ. ಈ ನಾಲ್ಕೈದರ ವಿಷಯ ಹಾಗಲ್ಲ. ಇವನ್ನು ಕೀಳುವ ಭರದಲ್ಲಿ ಇವು ಕೂತ ಜಾಗವೇ ಹಾಳಾಗುತ್ತದೆ. ಆ ಜಾಗ ಫ್ರೇಮಿನ ಪೈಪಾಗಿದ್ದರೆ ಸೈಕಲ್ಲು ಹೋಯಿತೆಂದೇ ಲೆಕ್ಕ.

ನನ್ನ ಕೈಗೆ ಬಂದದ್ದು ಸೋದರಮಾವನ ಸೈಕಲ್ಲು. ಇಪ್ಪತ್ತೆಂಟು ಇಂಚಿನ ಚಕ್ರ, ಸರಳಿನ ಬ್ರೇಕು, ಚೈನಿಗೆ ಪೂರ್ತಿ ಕವರು, ಹಿಂದೆ ಅಕ್ಕಿಮೂಟೆ ಹೊರುವಂಥ ಕ್ಯಾರಿಯರ್. ಕಂಪನಿಯ ಹೆಸರು ಅಳಿಸಿಹೋಗಿ ಎಷ್ಟೋ ಕಾಲವಾಗಿತ್ತು. ಮಾವ ಕುಂದಾಪುರದ ಆಚೆಗಿನ ಹಳ್ಳಿಗಳಲ್ಲಿ ಪಿಗ್ಮಿ ಸಂಗ್ರಹ ಮಾಡುತ್ತಿದ್ದವರು. ಉಡುಪಿಯಲ್ಲಿ 1928ರಲ್ಲಿ ಶುರುವಾದ ಆ ದಿನದಿನದ ಉಳಿತಾಯದ ಪದ್ಧತಿ ಬಹುಕಾಲ ನಡೆದದ್ದು ಕಾಲ್ನಡಿಗೆಯ ಮತ್ತು ಸೈಕಲ್ಲಿನ ಮೇಲೆಯೇ ಎಂದು ನನ್ನ ನಂಬಿಕೆ; ಬ್ಯಾಂಕಿನ ಇತಿಹಾಸ ಬರೆಯುವವರು ಸೈಕಲ್ಲಿಗೆ ಒಂದು ಪುಟ ಕೊಟ್ಟರೆ ತಪ್ಪಾಗದು. ಮಾವ ಆರಡಿಯ ಆಳು. ಸೀಟನ್ನು ತಮ್ಮ ಎತ್ತರಕ್ಕೆ ಏರಿಸಿಕೊಂಡಿದ್ದರು. ನಾನು ಐದಡಿಗೆ ಚೂರು ಮೇಲೆ. ಸೀಟನ್ನು ಒಂದು ಗೇಣು ಇಳಿಸದೆ ನನಗೆ ಆ ಸೈಕಲ್ಲು ಏರುವುದೇ ಸಾಧ್ಯವಿರಲಿಲ್ಲ. ಬೇಕಾಗಿದ್ದದ್ದು ಅಷ್ಟೇ. ಪಿಲ್ಲರಿನ ಬೋಲ್ಟು ಸಡಿಲಿಸಿದೆ, ಅದು ಸಲೀಸಾಗಿ ಬಂತು. ಪಿಲ್ಲರ್ ಮಾತ್ರ ಮಿಸುಕಲಿಲ್ಲ.

ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಆ ನೀರು ಸೀಟಿನಿಂದ ಇಳಿದು ಪಿಲ್ಲರಿನುದ್ದಕ್ಕೂ ಹರಿದು ಪೈಪಿನ ಬಾಯಿಗೆ ಬರುತ್ತದೆ. ಅಲ್ಲಿ ಬೋಲ್ಟು ಬಿಗಿದಾಗ ಪೈಪು ಕುಗ್ಗಲೆಂದು ಉದ್ದಕ್ಕೆ ಒಂದು ಸೀಳು ಬಿಟ್ಟಿರುತ್ತಾರೆ. ಆ ಸೀಳು ಇರುವುದು ಸಾಮಾನ್ಯವಾಗಿ ಹಿಂಬದಿಯಲ್ಲಿ, ಹಿಂದಿನ ಚಕ್ರ ಎರಚುವ ರಾಡಿಗೆ ಮುಖ ಮಾಡಿ. ಪಿಲ್ಲರಿಗೂ ಪೈಪಿಗೂ ನಡುವಿನ ಅಂತರ ಮಿಲಿಮೀಟರಿನ ಒಂದೆರಡು ದಶಾಂಶ. ಅಷ್ಟು ಕಿರಿದಾದ ಸಂದಿಗೆ ನೀರು ತಾನಾಗಿಯೇ ಏರುತ್ತದೆ, ಇಳಿಯುತ್ತದೆ, ಆದರೆ ಒಣಗುವುದಿಲ್ಲ. ಜೊತೆಗೆ ಸಮುದ್ರದ ಕಡೆಯಿಂದ ಬರುವ ಉಪ್ಪಿನ ಗಾಳಿ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಸಂದಿಯಲ್ಲಿ ಜಾಗ ಎಲ್ಲಿದೆ? ಹಾಗಾಗಿ ಎರಡೂ ಕಡೆಯನ್ನು ಒತ್ತುತ್ತದೆ, ಮಳೆಗಾಲದ ಆಟಿ ತಿಂಗಳಿನಲ್ಲಿ ಹಲಸಿನ ಹಲಗೆಯ ಬಾಗಿಲು ಉಬ್ಬಿ ದಾರಂದಕ್ಕೆ ಕಚ್ಚಿಕೊಂಡ ಹಾಗೆ. ಬಾಗಿಲಾದರೆ ನವರಾತ್ರಿಯ ಹೊತ್ತಿಗೆ ಒಣಗಿ ಬಿಡುತ್ತದೆ. ತುಕ್ಕಿಗೆ ಆ ಸೌಜನ್ಯವಿಲ್ಲ.

ಎಣ್ಣೆ ಬಿಡಿ ಎಂದು ಎಲ್ಲರೂ ಹೇಳುತ್ತಾರೆ. ಎಲ್ಲಿಗೆ ಬಿಡುವುದು ಎಂದು ಹೇಳುವವರು ಕಡಿಮೆ. ಮೇಲಿನಿಂದ ಬಿಟ್ಟ ಎಣ್ಣೆ ಪೈಪಿನ ಬಾಯಲ್ಲಿ ತುಕ್ಕಿನ ಗೆರೆಯನ್ನು ನೆನೆಸಿ ಹೊರಗೆ ಸೋರಿಹೋಗುತ್ತದೆ. ಪಿಲ್ಲರ್ ಒಳಗೆ ಗೇಣುದ್ದ ಇಳಿದಿರುತ್ತದೆ. ಕಚ್ಚಿಕೊಂಡಿರುವುದು ಅಷ್ಟೂ ಉದ್ದ. ಕೆಳಗಿನ ತುದಿಗೆ ಎಣ್ಣೆ ಮುಟ್ಟಬೇಕಾದರೆ ಒಂದೇ ದಾರಿ. ಸೀಟಿನ ಪೈಪು ಕೆಳಗೆ ಪೆಡಲಿನ ಗುಂಡಿಯೊಳಕ್ಕೆ, ಎಂದರೆ ಬಿ.ಬಿ. ಆಕ್ಸಲ್ ಕೂತಿರುವ ಗೂಡಿನೊಳಕ್ಕೆ ತೆರೆದುಕೊಂಡಿರುತ್ತದೆ. ಆಕ್ಸಲ್ ತೆಗೆದು, ಫ್ರೇಮನ್ನು ತಲೆಕೆಳಗು ಮಾಡಿ, ಆ ಗೂಡಿನಿಂದ ಎಣ್ಣೆ ಸುರಿದರೆ ಅದು ನೇರವಾಗಿ ಪಿಲ್ಲರಿನ ಬುಡದ ಸುತ್ತ ನಿಲ್ಲುತ್ತದೆ. ಸರಿ, ಆಕ್ಸಲ್ ತೆಗೆಯಬೇಕಾದರೆ ಎರಡೂ ಕಡೆಯ ಕ್ರ್ಯಾಂಕು ಕಳಚಬೇಕು. ಕ್ರ್ಯಾಂಕು ಕಳಚಬೇಕಾದರೆ ಕಾಟರ್ ಪಿನ್ನು. ಸೀಟನ್ನು ಇಳಿಸಹೊರಟವಳು ಹೀಗೆ ಪೆಡಲಿನ ಬುಡಕ್ಕೆ ಬಂದು ನಿಂತೆ.

ಗೇರಿನ ಸೈಕಲ್ಲುಗಳ ಕಾಲದಲ್ಲಿ ಬೆಳೆದವರಿಗೆ ಕಾಟರ್ ಪಿನ್ನಿನ ಪರಿಚಯ ಇರಲಾರದು. ಅದೊಂದು ಸಣ್ಣ ಉಕ್ಕಿನ ಕಡ್ಡಿ. ಬ್ರಿಟಿಷ್ ಮಾದರಿಯ ಸೈಕಲ್ಲುಗಳಲ್ಲಿ ದಪ್ಪ ಇಂಚಿನ ಎಂಟರಲ್ಲಿ ಮೂರು ಪಾಲು, ಎಂದರೆ 9.5 ಮಿಲಿಮೀಟರ್. ಅದರ ಒಂದು ಮೈಯನ್ನು ಓರೆಯಾಗಿ ಚಪ್ಪಟೆ ಮಾಡಿರುತ್ತಾರೆ. ಆಕ್ಸಲ್ಲಿನ ತುದಿಯಲ್ಲೂ ಅದಕ್ಕೆ ಸರಿಹೊಂದುವ ಚಪ್ಪಟೆ ಕಚ್ಚು. ಕ್ರ್ಯಾಂಕಿನ ತೂತಿನಲ್ಲಿ ಪಿನ್ನನ್ನು ಹೊಡೆದು ಕೂರಿಸಿದಾಗ ಈ ಎರಡು ಮುಖಗಳು ಒಂದಕ್ಕೊಂದು ಬೆಣೆಯಾಗಿ ಬಿಗಿಯುತ್ತವೆ. ತುದಿಯಲ್ಲಿ ಒಂದು ವಾಷರು, ಒಂದು ನಟ್ಟು. ನಟ್ಟು ಪಿನ್ನನ್ನು ಹಿಡಿದಿದೆ ಎಂದು ತಿಳಿದವರೇ ಹೆಚ್ಚು. ಅದು ಬರೀ ಕಾವಲಿಗೆ, ಹಿಡಿದಿರುವುದು ಬೆಣೆ. ಹೊಸ ಪಿನ್ನು ಹಾಕುವಾಗ ಬಲ್ಲ ಮೆಕ್ಯಾನಿಕ್ಕುಗಳು ಅದರ ಓರೆಯನ್ನು ಅರದಿಂದ ಉಜ್ಜಿ, ಹಾಕಿ ನೋಡಿ, ಮತ್ತೆ ಉಜ್ಜಿ, ಎರಡು ಕ್ರ್ಯಾಂಕುಗಳೂ ನೇರ ಒಂದೇ ಗೆರೆಯಲ್ಲಿ ನಿಲ್ಲುವ ತನಕ ಬಿಡುತ್ತಿರಲಿಲ್ಲ. ಉಜ್ಜದೆ ಹಾಕಿದ ಸೈಕಲ್ಲನ್ನು ತುಳಿದವರಿಗೆ ಗೊತ್ತು, ಒಂದು ಕಾಲು ಕೆಳಗೆ ಬಂದಾಗ ಇನ್ನೊಂದು ಮೇಲೆ ಪೂರ್ತಿ ತಲುಪಿರುವುದಿಲ್ಲ.

ಈ ಪಿನ್ನನ್ನು ತೆಗೆಯುವುದನ್ನು ನೋಡಿದ್ದು ನಮ್ಮ ಪೇಟೆಯ ಸಾಹೇಬರ ಅಂಗಡಿಯಲ್ಲಿ. ಅವರಿಗೆ ಈಗ ಕೆಲಸವೆಂದರೆ ಹೆಚ್ಚಾಗಿ ಸ್ಕೂಟರಿನ ಪಂಕ್ಚರು. ಸೈಕಲ್ಲು ನೋಡಿ ಖುಷಿಪಟ್ಟರೋ ಬೇಸರಪಟ್ಟರೋ ಮುಖದಲ್ಲಿ ಕಾಣಲಿಲ್ಲ. ಒಂದು ತುಂಡು ದಪ್ಪ ಕಬ್ಬಿಣದ ಪೈಪನ್ನು ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ, ಅದರ ಬಾಯ ಮೇಲೆ ಕ್ರ್ಯಾಂಕು ಕೂರುವಂತೆ ಸೈಕಲ್ಲನ್ನು ಒರಗಿಸಲು ಹೇಳಿದರು. ಪಿನ್ನಿನ ತಲೆ ಪೈಪಿನ ತೂತಿನೊಳಕ್ಕೆ ಬಿಡುವಾಗಿರಬೇಕು. ಹೀಗೆ ಆನಿಕೆ ಕೊಡದೆ ಹೊಡೆದರೆ ಏಟಿನ ಅರ್ಧ ಬಲ ಆಕ್ಸಲ್ಲಿನ ಮೂಲಕ ಒಳಗಿನ ಬಾಲ್ಸುಗಳಿಗೆ ಹೋಗಿ ಕಪ್ಪಿನಲ್ಲಿ ಗುಳಿ ಬೀಳುತ್ತದೆ, ಪಿನ್ನು ಮಾತ್ರ ಇದ್ದಲ್ಲೇ ಇರುತ್ತದೆ. ನಟ್ಟನ್ನು ಪೂರ್ತಿ ತೆಗೆಯಲಿಲ್ಲ; ಪಿನ್ನಿನ ತುದಿಗೆ ಸಮನಾಗುವವರೆಗೆ ಸಡಿಲಿಸಿದರು, ಮರೆ, ಎಂದರೆ ನಟ್ಟು ತಿರುಗುವ ಸುರುಳಿಗೆರೆ, ಹಾಳಾಗದಿರಲೆಂದು. ಆಮೇಲೆ ಎರಡು ಕಿಲೋ ತೂಗುವ ಸುತ್ತಿಗೆ ಎತ್ತಿದರು. ನನಗೆ ಗಾಬರಿ. ಸಣ್ಣ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ನೋಡಬಾರದೇ ಎಂದೆ.

“ಮೆಲ್ಲಗೆ ತಟ್ಟಿದರೆ ಪಿನ್ನು ತಲೆ ಹರಡಿಕೊಂಡು ಕೂತುಬಿಡುತ್ತದೆ ಅಕ್ಕ. ಹೊಡೆಯುವುದಾದರೆ ಹೊಡೆಯಬೇಕು. ಇಲ್ಲವಾದರೆ ಕೈ ಕಟ್ಟಿ ಕೂರಬೇಕು” ಎಂದರು.

ಒಂದೇ ಏಟು. ಬಲಗಡೆಯ ಪಿನ್ನು ಸದ್ದಿನ ಜೊತೆಗೇ ಪೈಪಿನೊಳಕ್ಕೆ ಬಿತ್ತು.

ಆ ಮಾತು ಆವತ್ತಿನಿಂದ ನನ್ನ ತಲೆಯಲ್ಲಿ ಉಳಿದಿದೆ. ರಿಪೇರಿಯ ಬಗ್ಗೆ ಬರೆಯುವವರೆಲ್ಲ ತಾಳ್ಮೆಯನ್ನು ಹೊಗಳುತ್ತಾರೆ. ಕೈಕೆಲಸವೆಂದರೆ ಧ್ಯಾನ, ಯಂತ್ರದ ಜೊತೆ ಸಂವಾದ, ಇತ್ಯಾದಿ. ಕಚ್ಚಿಕೊಂಡ ಕಬ್ಬಿಣದ ಮುಂದೆ ಈ ಮಾತುಗಳು ಅರ್ಧ ಮಾತ್ರ ನಿಜ. ಅಲ್ಲಿ ಎರಡು ಕೆಲಸಗಳಿವೆ: ಕಾಯುವುದು, ಹೊಡೆಯುವುದು. ಕಾಯುವಾಗ ಮುಟ್ಟಬಾರದು, ಹೊಡೆಯುವಾಗ ಹಿಂಜರಿಯಬಾರದು. ಹಾಳುಮಾಡುವುದು ಇವೆರಡರ ನಡುವಿನ ಕೆಲಸ, ಗಂಟೆಗೊಮ್ಮೆ ಬಂದು ಸಣ್ಣಗೆ ತಟ್ಟಿ, ಸ್ವಲ್ಪ ತಿರುಚಿ, ಬರಲಿಲ್ಲವೆಂದು ಬಿಟ್ಟುಹೋಗುವುದು. ಸ್ಪ್ಯಾನರಿನ ಬಾಯಿ ಜಾರಿ ನಟ್ಟಿನ ಮೂಲೆಗಳು ದುಂಡಾಗುವುದು ಹಾಗೆ. ಪಿನ್ನಿನ ತುದಿ ಅಣಬೆಯಾಗುವುದೂ ಹಾಗೆ. ಮೃದುತ್ವದ ಹೆಸರಿನಲ್ಲಿ ನಡೆಯುವ ಈ ಹಿಂಸೆಯ ಬಗ್ಗೆ ಯಾರೂ ಬರೆಯುವುದಿಲ್ಲ.

ಎಡಗಡೆಯ ಪಿನ್ನಿಗೆ ಯಾರೋ ಹಿಂದೆಯೇ ಈ ಮೃದು ಚಿಕಿತ್ಸೆ ಮಾಡಿಯಾಗಿತ್ತು. ತುದಿ ಬಾಗಿತ್ತು. ಅದಕ್ಕೆ ಏಟಿನ ಮಾತೇ ಇಲ್ಲ. ಬಾಗಿದ ಭಾಗವನ್ನು ಹ್ಯಾಕ್‌ಸಾದಿಂದ ಕ್ರ್ಯಾಂಕಿಗೆ ಸಮನಾಗಿ ಕತ್ತರಿಸಿ, ನಡುವಿಗೆ ಪಂಚಿನಿಂದ ಗುರುತು ಮಾಡಿ, ಪಕ್ಕದ ಲೇತಿನವರ ಡ್ರಿಲ್ಲಿನಲ್ಲಿ ಮೊದಲು ಸಣ್ಣ ತೂತು, ಆಮೇಲೆ ದೊಡ್ಡದು. ನಡು ಟೊಳ್ಳಾದ ಮೇಲೆ ಪಿನ್ನಿನ ಗೋಡೆಗೆ ಒತ್ತಿ ಹಿಡಿಯುವ ಶಕ್ತಿ ಇರುವುದಿಲ್ಲ. ಪಂಚ್ ಇಟ್ಟು ಹೊಡೆದರೆ ಕುಸಿದು ಬರುತ್ತದೆ. ಬಂತು. ಈ ಪಿನ್ನಿನ ಬೆಲೆ ಒಂದು ಚಹಾಕ್ಕಿಂತ ಹೆಚ್ಚೇನಿಲ್ಲ, ಲೇತಿನವರಿಗೆ ಕೊಟ್ಟದ್ದು ಅದರ ಹತ್ತಾರು ಪಟ್ಟು. ಆಮೇಲೆ ಎಡಗಡೆಯ ಲಾಕ್ ರಿಂಗು ಬಿಚ್ಚಿ, ಆ ಬದಿಯ ಕಪ್ಪನ್ನು ತಿರುಗಿಸಿ ತೆಗೆದರೆ ಆಕ್ಸಲ್ ಹೊರಬರುತ್ತದೆ. ಬಲಗಡೆಯ ಕಪ್ಪನ್ನು ಮುಟ್ಟುವ ಅಗತ್ಯವಿಲ್ಲ, ಮುಟ್ಟಲೂಬಾರದು. ಬ್ರಿಟಿಷ್ ಮಾದರಿಯಲ್ಲಿ ಅದರದ್ದು ಎಡಮರೆ, ಎಂದರೆ ತಿರುವು ಉಲ್ಟಾ; ಬಿಚ್ಚುತ್ತಿದ್ದೇನೆಂದುಕೊಂಡು ಬಿಗಿಸುತ್ತಾ ಹೋದವರ ಕಥೆಗಳು ಪ್ರತಿ ಸೈಕಲ್ ಅಂಗಡಿಯಲ್ಲೂ ಇವೆ. ಎಡಗಡೆಯ ಪೆಡಲ್ಲಿನದೂ ಎಡಮರೆಯೇ.

ಇನ್ನು ಎಣ್ಣೆ. ಸಾಹೇಬರ ಆಯ್ಕೆ ಸೀಮೆಎಣ್ಣೆ. ನ್ಯಾಯಬೆಲೆ ಅಂಗಡಿಯಲ್ಲಿ ಅದನ್ನು ನೋಡಿ ಯಾವ ಕಾಲವಾಯಿತೋ. ನಾಡದೋಣಿಯ ಎಂಜಿನ್ನಿಗೆಂದು ಮೀನುಗಾರರಿಗೆ ಸಿಗುವ ಪಾಲಿನಲ್ಲಿ ಪರಿಚಯದವರೊಬ್ಬರು ಒಂದು ಬಾಟಲಿ ಕೊಟ್ಟರು. ನನ್ನ ಆಯ್ಕೆ ನೀಲಿ–ಹಳದಿ ಡಬ್ಬಿಯ ಡಬ್ಲ್ಯೂಡಿ–40 ಆಗಿತ್ತು. ಅದರ ಹಿನ್ನೆಲೆ ಸ್ವಾರಸ್ಯಕರ. 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ರಾಕೆಟ್ ಕೆಮಿಕಲ್ ಎಂಬ ಪುಟ್ಟ ಕಂಪನಿ ತಯಾರಿಸಿದ್ದು. ನೀರನ್ನು ಹೊರದೂಡುವ ದ್ರಾವಣದ ನಲವತ್ತನೆಯ ಪ್ರಯತ್ನ ಎಂಬುದೇ ಹೆಸರಿನ ವಿವರ. ಮೊದಲ ಬಳಕೆ ಅಟ್ಲಾಸ್ ಕ್ಷಿಪಣಿಯ ಹೊರಮೈಗೆ ತುಕ್ಕು ಹಿಡಿಯದಂತೆ ಕಾಪಾಡುವುದಕ್ಕೆ. ನಮ್ಮ ಕಡೆ ಅಟ್ಲಾಸ್ ಎಂದರೆ ಹರಿಯಾಣದ ಸೋನಿಪತ್‌ನಲ್ಲಿ 1951ರಲ್ಲಿ ಹುಟ್ಟಿದ ಸೈಕಲ್ಲು. ಆ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ ಕೆಲಸ ನಿಲ್ಲಿಸಿದ್ದು 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ. ಇರಲಿ. ಹೇಳಬೇಕಾದದ್ದು ಇಷ್ಟೇ: ಆ ಡಬ್ಬಿಯ ದ್ರಾವಣ ಹುಟ್ಟಿದ್ದು ತುಕ್ಕು ಬರದಂತೆ ತಡೆಯಲು, ಬಂದ ತುಕ್ಕಿನೊಳಗೆ ನುಗ್ಗಲು ಅಲ್ಲ. ಅಲ್ಪಸ್ವಲ್ಪ ನುಗ್ಗುತ್ತದೆ ನಿಜ. ಆದರೆ ಬಾಟಲಿಗಟ್ಟಲೆ ಸುರಿಯಬಹುದಾದ ಸೀಮೆಎಣ್ಣೆಯ ಮುಂದೆ ಅದು ದುಬಾರಿ. ಸೀಟನ್ನು ಕಳಚಿ, ಪಿಲ್ಲರಿನ ಮೇಲಿನ ತೂತಿಗೆ ಬಟ್ಟೆ ತುರುಕಿ, ಫ್ರೇಮನ್ನು ತಲೆಕೆಳಗಾಗಿ ಗೋಡೆಗೆ ಒರಗಿಸಿ, ಬಿ.ಬಿ. ಗೂಡಿನಿಂದ ಸುರಿದೆವು. ಆಮೇಲೆ ಕೈ ಕಟ್ಟಿ ಕೂರುವ ಪಾಳಿ.

ಕಾಯುವುದಕ್ಕೂ ಹಣ ಬೇಕು ಎಂಬುದು ನನಗೆ ಹೊಳೆದದ್ದು ಆ ದಿನಗಳಲ್ಲಿ. ಮೊದಲೆಲ್ಲ ಪ್ರತಿ ಸೈಕಲ್ ಅಂಗಡಿಯ ಹಿಂದಿನ ಮೂಲೆಯಲ್ಲಿ ಸೀಮೆಎಣ್ಣೆಯಲ್ಲಿ ನೆನೆಯುತ್ತಾ ಬಿದ್ದ ಒಂದೆರಡು ಸೈಕಲ್ಲು ಇದ್ದೇ ಇರುತ್ತಿದ್ದವು. ಅವಸರವಿರಲಿಲ್ಲ, ಏಕೆಂದರೆ ಅಂಗಡಿಯ ಮುಂದೆ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಹೋಗುವ ಸೈಕಲ್ಲುಗಳ ಸಾಲಿರುತ್ತಿತ್ತು. ಮುಂದಿನ ಸಾಲು ದುಡಿಯುತ್ತಿತ್ತು, ಹಿಂದಿನ ಮೂಲೆ ಕಾಯುತ್ತಿತ್ತು. ಬಾಡಿಗೆ ಸೈಕಲ್ಲಿನ ಕಾಲ ಮುಗಿದಾಗ ಹಿಂದಿನ ಮೂಲೆಯೂ ಮುಗಿಯಿತು. ಈಗ ಅಂಗಡಿಗೆ ಬಂದದ್ದು ಅಂದೇ ಹೋಗಬೇಕು. ಅಂದೇ ಹೋಗದಂಥದ್ದಕ್ಕೆ “ಇದು ಆಗುವುದಿಲ್ಲ” ಎನ್ನುತ್ತಾರೆ. ಆಗುವುದಿಲ್ಲ ಎಂದರೆ ಸಂಜೆಯೊಳಗೆ ಆಗುವುದಿಲ್ಲ ಎಂದಷ್ಟೇ. ನಾನು ಸೈಕಲ್ಲನ್ನು ಮನೆಯ ಹಿಂಬದಿಯ ಚಾವಡಿಯಲ್ಲಿಟ್ಟುಕೊಂಡದ್ದರಿಂದ ಸಾಹೇಬರು ಒಪ್ಪಿಕೊಂಡರು.

ಹಳ್ಳಿಗಳ ಹೆಂಚಿನ ಮನೆಗಳ ಪಡಸಾಲೆಗಳಲ್ಲಿ ಹೀಗೆ “ಆಗುವುದಿಲ್ಲ” ಎನಿಸಿಕೊಂಡ ಸೈಕಲ್ಲುಗಳು ಇನ್ನೂ ಬೇಕಾದಷ್ಟಿವೆ. ಅವುಗಳಲ್ಲಿ ಶಾಲಾ ಸೈಕಲ್ಲುಗಳೂ ಇವೆ. ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡುವ ಯೋಜನೆ ರಾಜ್ಯದಲ್ಲಿ 2006–07ರಲ್ಲಿ ಆರಂಭವಾಯಿತು. ಎಂಟರಿಂದ ಹತ್ತರವರೆಗೆ ಮಕ್ಕಳು ಹೇಗೆ ಬೆಳೆಯುತ್ತಾರೆಂಬುದು ಎಲ್ಲರಿಗೂ ಗೊತ್ತು. ಸೀಟು ಮಾತ್ರ ಮೊದಲ ದಿನದ ಎತ್ತರದಲ್ಲೇ. ಮೊಣಕಾಲು ಎದೆಗೆ ತಾಗುವಂತೆ ತುಳಿಯುತ್ತಾ ಹೋಗುವ ಹತ್ತನೆಯ ತರಗತಿಯ ಹುಡುಗರನ್ನು ಕಂಡಾಗಲೆಲ್ಲ ನನಗೆ ಅನ್ನಿಸುವುದು, ಒಂದು ಮಳೆಗಾಲ ಆ ಪಿಲ್ಲರಿನ ಸಂದಿಯಲ್ಲಿ ಕೂತಿದೆ ಎಂದು. ಜೂನ್ ಬರುವ ಮೊದಲು ವರ್ಷಕ್ಕೊಮ್ಮೆ ಪಿಲ್ಲರನ್ನು ಹೊರಗೆಳೆದು, ಒರೆಸಿ, ಬೆರಳಲ್ಲಿ ಒಂದಿಷ್ಟು ಗ್ರೀಸ್ ಹಚ್ಚಿ ಮತ್ತೆ ಇಳಿಸಿದರೆ ಸಾಕು. ಹಲ್ಲುಜ್ಜುವುದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತಿನ ಕೆಲಸ.

ನಮ್ಮದು ಕಬ್ಬಿಣದೊಳಗೆ ಕಬ್ಬಿಣ, ಆದ್ದರಿಂದ ಒಂದು ರೀತಿಯಲ್ಲಿ ಅದೃಷ್ಟ. ಈಗಿನ ದುಬಾರಿ ಸೈಕಲ್ಲುಗಳಲ್ಲಿ ಉಕ್ಕಿನ ಅಥವಾ ಕಾರ್ಬನ್ ಫ್ರೇಮಿನೊಳಗೆ ಅಲ್ಯೂಮಿನಿಯಂ ಪಿಲ್ಲರ್ ಇರುತ್ತದೆ. ಎರಡು ಬೇರೆ ವಸ್ತುಗಳ ನಡುವೆ ಉಪ್ಪುನೀರು ನಿಂತರೆ ಅದೊಂದು ಸಣ್ಣ ಬ್ಯಾಟರಿಯೇ ಆಗುತ್ತದೆ, ಸವೆಯುವುದು ಅಲ್ಯೂಮಿನಿಯಂ. ಉಪ್ಪುನೀರಿಗೆ ಸಮುದ್ರವೇ ಬೇಕೆಂದಿಲ್ಲ. ನಮ್ಮ ರಾಜ್ಯದ ಸೈಕ್ಲಿಸ್ಟುಗಳ ತವರಾದ ವಿಜಯಪುರ, ಬಾಗಲಕೋಟೆಯ ಒಣ ಬಿಸಿಲಿನಲ್ಲೂ ಸವಾರನ ಬೆವರಿದೆ. ಅಲ್ಯೂಮಿನಿಯಂ ಕಚ್ಚಿಕೊಂಡಾಗ ಹಲವರು ಮಾಡುವ ಮೊದಲ ಕೆಲಸ ಬಿಸಿ ಮಾಡುವುದು, ಅದೇ ತಲೆಕೆಳಗು. ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ, ಹಾಗಾಗಿ ಒಳಗಿನ ಪಿಲ್ಲರ್ ಇನ್ನಷ್ಟು ಬಿಗಿಯುತ್ತದೆ. ತಣ್ಣಗೆ ಮಾಡಿದರೆ ಮಾತ್ರ ಲಾಭ, ಅದೂ ಕೂದಲೆಳೆಯಷ್ಟೂ ಅಲ್ಲ: 27.2 ಮಿಲಿಮೀಟರ್ ದಪ್ಪದ ಪಿಲ್ಲರನ್ನೂ ಪೈಪನ್ನೂ ಐವತ್ತು ಡಿಗ್ರಿ ತಣಿಸಿದರೆ ಸಿಗುವ ಬಿಡುವು ಮಿಲಿಮೀಟರಿನ ನೂರರಲ್ಲಿ ಒಂದೂವರೆ ಪಾಲು. ಕೆಲವೊಮ್ಮೆ ಅಷ್ಟೇ ಸಾಕಾಗುತ್ತದೆ. ಸಾಲದಾದಾಗ ಉಕ್ಕಿನ ಫ್ರೇಮುಗಳಿಗೆ ಕಾಸ್ಟಿಕ್ ಸೋಡಾ ಸುರಿದು ಪಿಲ್ಲರನ್ನೇ ಕರಗಿಸುವವರಿದ್ದಾರೆ. ಕರಗುತ್ತದೆ ನಿಜ, ಆದರೆ ಕುದಿಯುತ್ತಾ ಹೈಡ್ರೋಜನ್ ಬಿಡುತ್ತಾ ಕರಗುತ್ತದೆ. ಒಂದು ಹನಿ ಕಣ್ಣಿಗೆ ಬಿದ್ದರೆ ಕಣ್ಣು ಹೋಗಬಹುದು. ಯಾವ ಸೈಕಲ್ಲೂ ಅಷ್ಟು ಬಾಳುವುದಿಲ್ಲ.

ಕಬ್ಬಿಣದೊಳಗಿನ ಕಬ್ಬಿಣಕ್ಕೆ ಬಿಸಿ ಕೆಲಸ ಮಾಡುತ್ತದೆ, ಹೊರಗಿನ ಪೈಪು ಮೊದಲು ಕಾದು ಮೊದಲು ಹಿಗ್ಗುವುದರಿಂದ. ಆದರೆ ಹಳೆಯ ಫ್ರೇಮಿನ ಕೀಲುಗಳು ಹಿತ್ತಾಳೆಯ ಬೆಸುಗೆಯವು. ಗ್ಯಾಸಿನ ಜ್ವಾಲೆಯನ್ನು ಒಂದೇ ಕಡೆ ಹಿಡಿದು ನಿಂತರೆ ಆ ಬೆಸುಗೆಯೇ ಕರಗಬಹುದು. ಸೀಮೆಎಣ್ಣೆ ಸುರಿದ ಪೈಪಿಗೆ ಜ್ವಾಲೆ ಹಿಡಿಯಬಾರದು ಎಂಬುದನ್ನು ಹೇಳಲೇಬೇಕೇ? ಸಾಹೇಬರು ಹೇಳಿದರು, ಎರಡು ಸಲ.

ನಾವು ಬಿಸಿಯ ತನಕ ಹೋಗಲಿಲ್ಲ. ಸಾಹೇಬರು ಮನೆಗೆ ಬಂದು ಫ್ರೇಮನ್ನು ನೆಟ್ಟಗೆ ನಿಲ್ಲಿಸಿ ಸೀಮೆಎಣ್ಣೆ ಬಸಿದು, ಪಿಲ್ಲರಿನ ತಲೆಯ ಮೇಲೆ ಗಟ್ಟಿಮರದ ತುಂಡಿಟ್ಟು, ಕೆಳಮುಖವಾಗಿ ಹೊಡೆದರು. ಹೊರಗೆ ಬರಬೇಕಾದದ್ದನ್ನು ಒಳಕ್ಕೆ ಹೊಡೆಯುವುದೇ? ಹೌದು. ತುಕ್ಕಿನ ಹಿಡಿತ ಮುರಿಯಬೇಕಾದರೆ ಯಾವ ದಿಕ್ಕಿಗಾದರೂ ಒಮ್ಮೆ ಕದಲಬೇಕು, ಮತ್ತು ಒಳಕ್ಕೆ ಹೊಡೆಯುವಷ್ಟು ಬಲವಾಗಿ ಹೊರಕ್ಕೆ ಎಳೆಯಲು ಯಾರಿಗೂ ಆಗುವುದಿಲ್ಲ. ಪಿಲ್ಲರ್ ಒಂದು ಅಕ್ಕಿಕಾಳಿನಷ್ಟು ಇಳಿಯಿತು. ಮತ್ತೆ ಲೇತಿನ ಅಂಗಡಿ. ಅಲ್ಲಿ ಬೆಂಚಿನ ಮೇಲಿದ್ದ ವೈಸಿನ ದವಡೆಗೆ ಪಿಲ್ಲರನ್ನು ಸಿಕ್ಕಿಸಿ, ಪಿಲ್ಲರನ್ನು ತಿರುಗಿಸುವ ಬದಲು ಇಡೀ ಫ್ರೇಮನ್ನೇ ಸನ್ನೆಗೋಲಿನಂತೆ ಇಬ್ಬರು ಹಿಡಿದು ತಿರುಗಿಸಿದರು. ಇದರಲ್ಲಿ ಅಪಾಯವಿದೆ, ಪಿಲ್ಲರ್ ಹಟ ಹಿಡಿದರೆ ತಿರುಚಿಕೊಳ್ಳುವುದು ಸೀಟಿನ ಪೈಪು. ಹಾಗಾಗಿ ಮೊದಲೇ ಮಾತಾಗಿತ್ತು: ಒಮ್ಮೆ ಬಲ ಹಾಕಿ ನೋಡುವುದು, ಬಾರದಿದ್ದರೆ ಪಿಲ್ಲರನ್ನು ಮೇಲಿಂದ ಕತ್ತರಿಸಿ, ಹ್ಯಾಕ್‌ಸಾ ಬ್ಲೇಡಿನಿಂದ ಒಳಗಿನಿಂದಲೇ ಉದ್ದಕ್ಕೆ ಸೀಳಿ, ಸುರುಳಿ ಮಾಡಿ ತೆಗೆಯುವುದು. ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬುದು ಏಟು ಹಾಕುವ ಮೊದಲೇ ತೀರ್ಮಾನವಾಗಿರಬೇಕು. ಎರಡನ್ನೂ ಉಳಿಸಹೊರಟವರು ಎರಡನ್ನೂ ಕಳೆದುಕೊಳ್ಳುವುದನ್ನು ಅಂಗಡಿಯಲ್ಲಿ ಕೂತಿದ್ದಾಗ ನೋಡಿದ್ದೇನೆ.

ಕಿವಿ ಕೊರೆಯುವ ಕಿರುಚಾಟದೊಂದಿಗೆ ಫ್ರೇಮು ತಿರುಗಿತು. ಅತ್ತ ಇತ್ತ ತಿರುಗಿಸುತ್ತಾ ಎಳೆದಾಗ ಪಿಲ್ಲರ್ ಕಂದು ಕೆಸರು ಕಾರುತ್ತಾ ಹೊರಬಂತು, ಅದರ ಜೊತೆಗೆ ನಾವ್ಯಾರೂ ನಿರೀಕ್ಷಿಸದ ಇನ್ನೊಂದು ವಸ್ತು. ಪಿಲ್ಲರಿನ ಸುತ್ತ ಒಂದು ತೆಳು ತಗಡು ಸುತ್ತಿತ್ತು. ಯಾವುದೋ ಡಬ್ಬಿಯನ್ನು ಕತ್ತರಿಸಿ ತೆಗೆದ ಪಟ್ಟಿ. ಒಂದು ಮೂಲೆಯಲ್ಲಿ ಹಸಿರು ಬಣ್ಣದ ಚೂರು ಇನ್ನೂ ಅಂಟಿತ್ತು. ಸಾಹೇಬರು ಅದನ್ನು ಬೆಳಕಿಗೆ ಹಿಡಿದು ನೋಡಿ ನಕ್ಕರು. ಫ್ರೇಮಿನ ಅಳತೆಗಿಂತ ಚೂರು ಸಪೂರದ ಪಿಲ್ಲರ್ ಹಾಕಿ, ಸೀಟು ಕುಸಿಯದಿರಲೆಂದು ಯಾರೋ ತಗಡು ಸುತ್ತಿ ಬಿಗಿದಿದ್ದಾರೆ. ಒಂದು ಸಂದಿ ಇದ್ದಲ್ಲಿ ಎರಡು ಸಂದಿ, ಎರಡು ಪಟ್ಟು ನೀರು.

ಪಿಲ್ಲರುಗಳ ದಪ್ಪ 0.2 ಮಿಲಿಮೀಟರಿನ ಅಂತರದಲ್ಲಿ ಏರುತ್ತಾ ಹೋಗುತ್ತದೆ. ಪೈಪಿನ ಒಳಗನ್ನು ಉಜ್ಜಿ ಚೊಕ್ಕಟ ಮಾಡಿ, ಕ್ಯಾಲಿಪರಿನಲ್ಲಿ ಅಳೆದು, ಆ ಅಳತೆಯನ್ನು ಚೀಟಿಯಲ್ಲಿ ಬರೆದುಕೊಂಡು ನಾನು ಉಡುಪಿಯ ಬಿಡಿಭಾಗದ ಅಂಗಡಿಗೆ ಹೋದೆ. ಅಂಗಡಿಯವರು ಚೀಟಿಯನ್ನು ನೋಡಲಿಲ್ಲ. ಇಂಥ ಸೈಕಲ್ಲಿಗೆ ಬರುವುದು ಇದೊಂದೇ ಮೇಡಂ ಎಂದು ಒಂದು ಪಿಲ್ಲರ್ ಎದುರಿಗಿಟ್ಟರು. ತಂದು ಇಳಿಸಿದರೆ ಗಡಗಡ ಅಲ್ಲಾಡಿತು. ಸಾಹೇಬರು ಏನೂ ಹೇಳದೆ ಒಳಗೆ ಹೋಗಿ ಒಂದು ಖಾಲಿ ಡಬ್ಬಿ, ಕತ್ತರಿ ಮತ್ತು ಗ್ರೀಸಿನ ಡಬ್ಬ ತಂದರು.